ಸುಮ್ಮನಾದ ಡ್ರೈವರ್

ಉದ್ದನೆಯ ಮೇಜಿನ ಸುತ್ತ ಏಳು ಮಂದಿ ಸಲಹೆಗಾರರು ಕೂತಿದ್ದರು. ಮನೋವೈದ್ಯರು, ನರರೋಗ ತಜ್ಞರು. ಮಿದುಳಿನ ವಿಷಯ ಅಂದರೆ ಒಬ್ಬರಿಗಿಂತ ಒಬ್ಬರು ಎತ್ತಿದ ಕೈ. ಔಷಧ ಕಂಪನಿಯೊಂದು ತನ್ನ ಹೊಸ ಮಾತ್ರೆಗಾಗಿ ಅವರನ್ನು ಕರೆಸಿತ್ತು. ಮರೆವಿನ ಕಾಯಿಲೆಯ ಹಿರಿಯರು ಕೂಗಾಡುತ್ತಾರಲ್ಲ, ಬಾಗಿಲು ಬಡಿಯುತ್ತಾರಲ್ಲ, ಹೊಡೆಯಲು ಕೈ ಎತ್ತುತ್ತಾರಲ್ಲ, ಅದನ್ನು ತಗ್ಗಿಸುವ ಮಾತ್ರೆ. ಕೆಲವೇ ಜನರ ಮೇಲಿನ ಪ್ರಯೋಗ ಮುಗಿಯುತ್ತ ಬಂದಿತ್ತು. ಇನ್ನು ಸಾವಿರಾರು ಜನರ ಮೇಲಿನ ದೊಡ್ಡ ಪ್ರಯೋಗಕ್ಕೆ ಹೆಚ್ಚಿನ ಡೋಸನ್ನೇ ಇಡಬಹುದೇ ಅನ್ನುವುದು ಪ್ರಶ್ನೆ. ಎಲ್ಲರೂ ಒಕ್ಕೊರಲಿನಿಂದ ಹೂಂ ಅಂದುಬಿಟ್ಟರೆ ಊಟ ಮುಗಿಸಿ ಮನೆಗೆ ಹೋಗಬಹುದಿತ್ತು.

ಅವರಲ್ಲಿ ಒಬ್ಬಳಾದ ಡಾಕ್ಟರಮ್ಮನಿಗೆ ಇಂಥ ಸಭೆ ಹೊಸದು. ಸರ್ಕಾರಿ ಆಸ್ಪತ್ರೆಯ ನರರೋಗ ವಾರ್ಡಿನಲ್ಲೇ ತಲೆ ನರೆಸಿಕೊಂಡವಳು. ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಅವಳಿಗೆ ಪಾಠ ಹೇಳಿದ ಮೇಷ್ಟ್ರು. ಅವರೇ ಶಿಫಾರಸು ಮಾಡಿ ಕರೆಸಿದ್ದರು. ಅವರ ಮಾತು ತೆಗೆದುಹಾಕಲಾಗದೆ ಒಂದು ದಿನ ರಜೆ ಹಾಕಿ ಬಂದಿದ್ದಳು.

ಕಂಪನಿಯ ಅಧಿಕಾರಿ ದೀಪ ಆರಿಸಿ ಎರಡು ವಿಡಿಯೋ ತೋರಿಸಿದ. ಮೊದಲನೆಯದರಲ್ಲಿ ಒಬ್ಬ ಹಳೇ ಬಸ್ ಡ್ರೈವರ್. ಅಡುಗೆಮನೆಯ ಕುರ್ಚಿಯಲ್ಲಿ ಕೂತೇ ಗೇರು ಎಳೆಯುತ್ತಿದ್ದ, ಊಟದ ತಟ್ಟೆಯನ್ನು ಸ್ಟೇರಿಂಗ್ ಮಾಡಿಕೊಂಡು ತಿರುಗಿಸುತ್ತಿದ್ದ. "ಏಯ್, ಕಣ್ಣು ಕಾಣಲ್ವೇನೋ? ಸರಿಯೋ ಪಕ್ಕಕ್ಕೆ!" ಎಂದು ಗೋಡೆಗೆ ಬೈಯುತ್ತಿದ್ದ. ತಟ್ಟೆ ಕಿತ್ತುಕೊಳ್ಳಲು ಬಂದ ಮಗಳಿಗೆ ಒಂದು ಏಟೂ ಬಿತ್ತು. ಎರಡನೆಯದು ಹೆಚ್ಚಿನ ಡೋಸಿನ ಮಾತ್ರೆ ಶುರುವಾದ ಮೇಲಿನದು. ಅದೇ ಕುರ್ಚಿ, ಅದೇ ಮನುಷ್ಯ. ಕೈ ತೊಡೆಯ ಮೇಲೆ ಬಿದ್ದಿತ್ತು, ಬಾಯಿ ಅರ್ಧ ತೆರೆದಿತ್ತು. ಮಗಳು ಚಮಚದಲ್ಲಿ ಗಂಜಿ ಹಾಕುತ್ತಿದ್ದಳು. ಬೈಗುಳವಿಲ್ಲ, ಗದ್ದಲವಿಲ್ಲ.

ದೀಪ ಹತ್ತಿತು. ಚಪ್ಪಾಳೆ ತಟ್ಟಿದರು ಕಣ್ರೀ, ಅಷ್ಟೆಲ್ಲ ಓದಿಕೊಂಡ ಜನ!

ಡಾಕ್ಟರಮ್ಮನಿಗೆ ಕೈ ಮೇಲೇಳಲಿಲ್ಲ. ಗಂಜಿ ಬಾಯೊಳಗೆ ಹೋಗುತ್ತಿತ್ತು, ಗಂಟಲು ಮಾತ್ರ ಒಂದು ಸಲವೂ ಏರಿಳಿಯಲಿಲ್ಲ. ಕಟವಾಯಿಯಿಂದ ಸೋರಿದ್ದು ಸೋರಿತು, ಉಳಿದದ್ದು ಎಲ್ಲಿಗೆ ಹೋಯಿತು?

ಆ ಮಗಳನ್ನೂ ಕಂಪನಿ ಕರೆಸಿತ್ತು, ಮನೆಯವರ ಅನುಭವ ಹೇಳಲಿ ಅಂತ. ಅವಳು ಎದ್ದು ನಿಂತು, "ಈಗ ಅಪ್ಪ ಸುಮ್ನಿರ್ತಾರೆ. ಮನೆ ಅಂದ್ರೆ ಮನೆ ಥರ ಆಗಿದೆ. ನಿಮಗೆಲ್ಲ ಪುಣ್ಯ ಬರ್ಲಿ" ಅಂದಳು. ಮತ್ತೊಂದು ಸುತ್ತು ಚಪ್ಪಾಳೆ ಬಿತ್ತು.

"ಅಪ್ಪ ಕೆಮ್ತಾರೇನಮ್ಮಾ?" ಎಂದಳು ಡಾಕ್ಟರಮ್ಮ.

ಮಗಳು ಅಧಿಕಾರಿಯ ಮುಖ ನೋಡಿದಳು. "ಸ್ವಲ್ಪ. ಊಟ ಮಾಡಿಸುವಾಗ."

"ಜ್ವರ?"

"ಮೊನ್ನೆಯಿಂದ ಮೈ ಬೆಚ್ಚಗಿದೆ."

"ಪ್ರಯೋಗದ ನರ್ಸ್ ಬರ್ತಾರಲ್ಲ, ಅವರಿಗೆ ಹೇಳಿದ್ಯಾ?"

"ಅವರು ಕೇಳೋದು ಬೇರೆ ಮೇಡಂ. ಕೂಗಾಡಿದ್ರಾ, ಬೈದ್ರಾ, ಮನೆ ಬಿಟ್ಟು ಹೋದ್ರಾ, ಹೊಡೆದ್ರಾ ಅಂತ. ಎಲ್ಲಕ್ಕೂ ಇಲ್ಲ ಅಂದೆ. ತುಂಬಾ ಚೆನ್ನಾಗಿದೆ ಅಂದ್ರು."

ಅಧಿಕಾರಿ ನಡುವೆ ಬಾಯಿ ಹಾಕಿದ. "ನುಂಗೋದು ನಮ್ಮ ಅಳತೆಯಲ್ಲಿ ಬರೋದಿಲ್ಲ ಮೇಡಂ. ನಾವು ಅಳೀತಿರೋದು ಗಲಾಟೆ ಮಾತ್ರ. ಬೇರೆ ತೊಂದರೆ ಇದ್ರೆ ಮನೆಯವರೇ ಹೇಳ್ಬೇಕಿತ್ತು."

ಅಲ್ಲ, ಎಂಥಾ ಮಾತು! ಆ ಅಳತೆಯಲ್ಲಿ ಹೆಣಕ್ಕೆ ಪೂರ್ತಿ ಅಂಕ ಸಿಗುತ್ತದೆ. ಹೆಣ ಬೈಯುವುದಿಲ್ಲ, ಬಾಗಿಲು ಬಡಿಯುವುದಿಲ್ಲ. ಡಾಕ್ಟರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮನಸ್ಸಿಗೆ ಬಂದದ್ದನ್ನು ಹಾಗೆಯೇ ಅಂದೂಬಿಟ್ಟಳು.

ಮೇಷ್ಟ್ರು ಕನ್ನಡಕ ತೆಗೆದಿಟ್ಟರು. "ಕೂತ್ಕೋಮ್ಮಾ. ಇದು ವಾರ್ಡಲ್ಲ, ಸಲಹಾ ಮಂಡಳಿ. ಒಬ್ಬ ರೋಗಿಯ ವಿಷಯ ಇಲ್ಲಿಗೆ ಬರೋದಿಲ್ಲ. ಡೋಸಿನ ಬಗ್ಗೆ ಏನು ಹೇಳ್ತೀಯ, ಅದನ್ನ ಹೇಳು."

"ರೋಗಿ ಬಾಯೊಳಗೆ ಇಣುಕಿ ನೋಡದೆ ಔಷಧಿ ಬರೆದ್ರೆ ಕಿವಿ ಹಿಂಡ್ತೀನಿ ಅಂತಿದ್ರಿ ಸಾರ್. ನೀವೇ ಅಂತಿದ್ರಿ! ಗಂಜಿ ಶ್ವಾಸಕೋಶಕ್ಕೆ ಇಳೀತಿರೋದು ಇಲ್ಲಿ ಒಬ್ಬರಿಗೂ ಕಾಣ್ಲಿಲ್ವಾ?"

ಒಬ್ಬರು ನೀರಿನ ಲೋಟ ಎತ್ತಿಕೊಂಡರು. ಇನ್ನೊಬ್ಬರಿಗೆ ಮೊಬೈಲಿನಲ್ಲಿ ತುರ್ತು ಕೆಲಸ ಬಂತು. ಕಂಡವರೂ ಇದ್ದರು ಅನ್ನುವುದು ಅವಳಿಗೆ ಆಗ ಗೊತ್ತಾಯಿತು. ಕಾಣದವರ ಮೇಲಿನ ಸಿಟ್ಟಿಗಿಂತ ಇವರ ಮೇಲಿನ ಸಿಟ್ಟು ಇಮ್ಮಡಿಯಾಯಿತು.

ಮಗಳಿಂದ ಅಲ್ಲೇ ಮನೆಗೆ ಫೋನ್ ಮಾಡಿಸಿ, ಮೊಬೈಲನ್ನು ಕೈಗೆ ತೆಗೆದುಕೊಂಡಳು. ಅಳಿಯ ಮಾತಾಡಿದ. "ಮಾವ ಮಲಗಿದ್ದಾರೆ. ಎದೇಲಿ ಗೊರಗೊರ ಅಂತಿದೆ. ಮಧ್ಯಾಹ್ನದ ಮಾತ್ರೆ ಈಗಲೇ ಕೊಡ್ಲಾ?"

"ಕೊಡಬೇಡಿ! ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. ತಲೆ ಎತ್ತರಕ್ಕೆ ಇಡಿ, ಆಂಬ್ಯುಲೆನ್ಸ್ ಕರೀರಿ. ಈಗಲೇ!"

"ಮಾತ್ರೆ ನಿಲ್ಲಿಸೋಕೆ ನಿಮಗೆ ಅಧಿಕಾರ ಇಲ್ಲ ಮೇಡಂ," ಅಧಿಕಾರಿ ಎದ್ದೇ ನಿಂತ. "ಅದನ್ನ ಪ್ರಯೋಗದ ಡಾಕ್ಟರೇ ತೀರ್ಮಾನಿಸಬೇಕು."

"ಹಾಗಾದ್ರೆ ಅವರಿಗೆ ಆಸ್ಪತ್ರೆಗೆ ಬರೋಕೆ ಹೇಳಿ. ನಾನು ಅಲ್ಲೇ ಇರ್ತೀನಿ." ಚೀಲ ಹೆಗಲಿಗೆ ಹಾಕಿಕೊಂಡು, ಮಗಳ ಕೈ ಹಿಡಿದು ಹೊರಟೇಬಿಟ್ಟಳು.

ಸಂಜೆಯ ಹೊತ್ತಿಗೆ ಎಕ್ಸ್-ರೇ ಬಂತು. ಬಲಗಡೆಯ ಶ್ವಾಸಕೋಶದ ಕೆಳಭಾಗ ಪೂರ್ತಿ ಬೆಳ್ಳಗಾಗಿತ್ತು, ನ್ಯುಮೋನಿಯಾ. ಪ್ರಯೋಗದ ಡಾಕ್ಟರು ಏದುಸಿರು ಬಿಡುತ್ತ ಬಂದು, ಮಾತ್ರೆ ನಿಲ್ಲಿಸಿ, ಯಾರ ಮುಖವನ್ನೂ ನೋಡದೆ ಹೋದರು. ಹಳೇ ಡ್ರೈವರಿಗೆ ಆಮ್ಲಜನಕ ಹಾಕಿದ್ದರು. ಉಳಿಯುತ್ತಾರೆಯೇ ಎಂದು ಕೇಳಿದರೆ ಯಾರೂ ಹೌದು ಅನ್ನುತ್ತಿರಲಿಲ್ಲ.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಮೇಷ್ಟ್ರ ಫೋನ್ ಬಂತು. "ಎಲ್ಲರೂ ಒಪ್ಪಿದ್ದಾರಮ್ಮಾ. ಊಟ ಮಾಡಿಸುವಾಗ ಎಚ್ಚರಿಕೆ ವಹಿಸಬೇಕು ಅಂತ ಒಂದು ವಾಕ್ಯಾನೂ ಸೇರಿಸಿದೀವಿ. ನಿನ್ನದೊಂದು ಹೂಂ ಬಾಕಿ."

"ಅವರು ಹೇಗಿದ್ದಾರೆ ಅಂತ ನೀವು ಕೇಳ್ಲೇ ಇಲ್ಲ ಸಾರ್."

ಮೇಷ್ಟ್ರು ಮತ್ತೆ ಡೋಸಿನ ಮಾತಿಗೇ ಬಂದರು.

"ಹೂಂ ಅನ್ನಲ್ಲ. ಒಬ್ಬಳು ಒಪ್ಪಲಿಲ್ಲ ಅಂತ ಬರೀರಿ. ಯಾಕೆ ಅಂತಾನೂ ಬರೀರಿ. ನೀವು ಬರೀದೇ ಹೋದ್ರೆ ಔಷಧಕ್ಕೆ ಅನುಮತಿ ಕೊಡೋರಿಗೆ ನಾನೇ ಬರೀತೀನಿ." ಜೀವನದಲ್ಲಿ ಮೊದಲ ಸಲ ಮೇಷ್ಟ್ರು ಮಾತು ಮುಗಿಸುವ ಮುಂಚೆ ಫೋನ್ ಇಟ್ಟಳು.

ಪಕ್ಕದಲ್ಲಿ ಕೂತಿದ್ದ ಮಗಳು ಸೆರಗು ಬಾಯಿಗೆ ಒತ್ತಿಕೊಂಡಳು. "ಡಾಕ್ಟ್ರೇ, ಕೆಮ್ಮು ಶುರುವಾದಾಗ್ಲೇ ನಂಗೆ ಅನುಮಾನ ಬಂದಿತ್ತು. ನರ್ಸ್ ಕೇಳಿದ್ರೂ ಹೇಳ್ತಿರ್ಲಿಲ್ಲ. ಹೇಳಿದ್ರೆ ಮಾತ್ರೆ ನಿಲ್ಲಿಸಿಬಿಡ್ತಾರೆ ಅಂತ ಭಯ. ವರ್ಷಗಟ್ಲೆ ಕಣ್ಣು ಮುಚ್ಚಿಲ್ಲ ನಾನು. ನಿದ್ದೆ ಬೇಕಿತ್ತು. ಅಪ್ಪನಿಗೆ ಈ ಗತಿ ತಂದವಳು ನಾನೇ ಅಲ್ವಾ?"

"ಬಾಯಿ ಮುಚ್ಚು!" ಡಾಕ್ಟರಮ್ಮ ಗದರಿದ ರಭಸಕ್ಕೆ ಆ ಕಡೆ ಹೋಗುತ್ತಿದ್ದ ವಾರ್ಡ್‌ಬಾಯ್ ನಿಂತು ನೋಡಿದ. ಅವಳು ಮಗಳ ಎರಡೂ ಕೈ ಹಿಡಿದುಕೊಂಡಳು. "ನೀನು ನಿದ್ದೆಗೆಟ್ಟವಳು ಕಣೇ. ನೀನು ಹೇಳದೆ ಇದ್ದದ್ದಕ್ಕೆ ಒಂದು ಅರ್ಥ ಇದೆ. ಆ ಮೇಜಿನ ಸುತ್ತ ಕೂತಿದ್ದ ನಾವೆಲ್ಲ ಚೆನ್ನಾಗಿ ನಿದ್ದೆ ಮಾಡಿ ಎದ್ದು ಬಂದಿದ್ವಿ."