ನೀಲಿ ಅಂಗಿಯ ಗುಂಡಿಗಳು

ಬೆಳಿಗ್ಗೆ ಏಳಕ್ಕೆ ಬಂದು ಹನ್ನೊಂದಕ್ಕೆ ಹೋಗುವ ಹೆಂಗಸಿಗೆ ನಮ್ಮ ಯಜಮಾನರು ‘ಅಲಾರಾಂ’ ಎಂದು ಹೆಸರಿಟ್ಟಿದ್ದರು. ಒಂದು ದಿನವೂ ಐದು ನಿಮಿಷ ಆಚೀಚೆ ಆದವಳಲ್ಲ. ಬಂದವಳೇ ತೋಳು ಮಡಚಿ, ಅವರ ಕಂಕುಳಿಗೆ ಕೈಕೊಟ್ಟು, “ಏಳಿ ತಾತ, ಸವಾರಿ ಹೊರಡ್ಲಿ” ಎಂದು ಎಬ್ಬಿಸಿ ಬಚ್ಚಲಿಗೆ ನಡೆಸುತ್ತಿದ್ದಳು.

ಅವಳು ಬರುವ ಮೊದಲು ಅದು ನನ್ನ ಕೆಲಸವಾಗಿತ್ತು. ಒಂದು ದಿನ ಬಚ್ಚಲಲ್ಲಿ ಅವರು ಜಾರಿದರು, ಹಿಡಿಯಹೋದ ನಾನೂ ಬಿದ್ದೆ. ಪಕ್ಕದ ಮನೆಯವರು ಬಾಗಿಲು ಮುರಿದು ಒಳಗೆ ಬರುವ ತನಕ ಇಬ್ಬರೂ ಒದ್ದೆ ನೆಲದ ಮೇಲೆ ಒಬ್ಬರಿಗೊಬ್ಬರು ಒರಗಿ ಕೂತಿದ್ದೆವು. ಅಂದಿನಿಂದ ನನ್ನ ಎಡಭುಜ ಮೇಲೆ ಏಳುವುದಿಲ್ಲ.

ಅಲಾರಾಂಗೆ ಸಂಬಳ ಕೊಡುತ್ತಿದ್ದದ್ದು ಅಶಕ್ತರಿಗೆ ನೆರವು ಕೊಡುವ ಸರ್ಕಾರಿ ಕಚೇರಿ. ನಮ್ಮ ಕೈಯಿಂದಲೇ ಕೊಡುವುದಾಗಿದ್ದರೆ ಅವಳನ್ನು ವಾರಕ್ಕೊಮ್ಮೆ ಕರೆಯುವುದೂ ಕಷ್ಟವಿತ್ತು. ಮೊದಲ ಸಲ ಯಜಮಾನರು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಕಚೇರಿಯವರು ಬರೆದುಕೊಂಡು ಹೋಗಿದ್ದರು. ಈಗ ಮನೆಗೇ ಬಂದು ನೋಡುತ್ತೇವೆ ಎಂದು ಕಾಗದ ಬಂತು. ಮನುಷ್ಯನಿಗೆ ಏನೇನು ಆಗುವುದಿಲ್ಲವೋ ಅದಕ್ಕೆಲ್ಲ ಅಂಕವಂತೆ. ಹನ್ನೆರಡು ಬಂದರೆ ಸಂಬಳ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ.

“ನೋಡ್ರೀ, ಆಗಲ್ಲ ಅನ್ನೋದನ್ನ ಆಗಲ್ಲ ಅಂತಲೇ ಹೇಳಬೇಕು,” ಎಂದು ಮೂರು ದಿನದಿಂದ ಹೇಳುತ್ತಿದ್ದೆ.

“ಆಯ್ತು ಕಣೇ. ನಾನೇನು ಚಿಕ್ಕ ಮಗುನಾ?” ಎಂದರು.

ಆದರೆ ಕಚೇರಿಯವರು ಬರುವ ಗುರುವಾರ ಬೆಳಿಗ್ಗೆ ಗಡ್ಡ ಹೆರೆಸಿಕೊಂಡು, ಕೂದಲಿಗೆ ಎಣ್ಣೆ ಹಚ್ಚಿಸಿಕೊಂಡು, ನೀಲಿ ಅಂಗಿಯೇ ಬೇಕು ಎಂದು ಹಟ ಹಿಡಿದರು. ಅಲಾರಾಂ ನನ್ನ ಕಿವಿಯಲ್ಲಿ, “ಅಮ್ಮ, ಇವರು ಹೆಣ್ಣು ನೋಡೋಕೆ ಹೊರಟಂಗಿದೆ,” ಎಂದಳು. ನಗು ಬಂತು. ಅಂಗಿಯ ವಿಷಯ ಮಾತ್ರ ನನ್ನ ತಲೆಗೆ ಹೊಳೆಯಲೇ ಇಲ್ಲ.

ಕಚೇರಿಯಿಂದ ಬಂದವಳು ನಮ್ಮ ಮಗಳ ವಯಸ್ಸಿನವಳು. ನಯವಾಗಿ ಮಾತಾಡಿಸುತ್ತಾ ಫಾರಂ ತೆಗೆದಳು.

“ಕುರ್ಚಿಯಿಂದ ನೀವೇ ಏಳ್ತೀರಾ?”

“ಏಳದೆ ಏನಮ್ಮ, ಅಂಟು ಹಾಕಿದ್ದಾರಾ?”

“ಸ್ನಾನ?”

“ಅಲ್ಲಿ ನಿಂತಿದಾಳಲ್ಲ, ಅವಳು ನೀರು ಹಾಕ್ತಾಳೆ. ಮಿಕ್ಕಿದ್ದು ನಾನೇ.”

ಬಾಗಿಲ ಬಳಿ ನಿಂತಿದ್ದ ಅಲಾರಾಂ ಮುಖ ತಿರುಗಿಸಿಕೊಂಡಳು. ನಾನು ಕಣ್ಣಲ್ಲಿ ಗದರಿದೆ. ಅವರು ಗೋಡೆ ನೋಡಿದರು.

“ಅಂಗಿ ಗುಂಡಿ ಒಂದ್ಸಲ ಬಿಚ್ಚಿ, ಹಾಕಿ ತೋರಿಸ್ತೀರಾ?”

ಆಗ ನನಗೆ ಅಂಗಿಯ ನೆನಪಾಯಿತು. ಅವರ ನಡುಗುವ ಕೈ ಮೇಲಿಂದ ಕೆಳಗೆ ಸರಿಯಿತು, ಟಪ್ ಟಪ್ ಎಂದು ಐದೂ ಬಿಚ್ಚಿಕೊಂಡವು. ಮತ್ತೆ ಟಪ್ ಟಪ್ ಎಂದು ಕೂಡಿಕೊಂಡವು.

“ನಮ್ಮಪ್ಪನಿಗಿಂತ ಚುರುಕಿದ್ದೀರಿ!” ಎಂದು ಆಕೆ ಸೊನ್ನೆ ಬರೆದಳು.

ಆ ಗುಂಡಿಗಳನ್ನು ಹೊಲಿದವಳು ನಾನು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರು ಒಂದೇ ಗುಂಡಿಯ ಜೊತೆ ಅರ್ಧ ಗಂಟೆ ಹೆಣಗಿ, ನನಗೆ ಬೆನ್ನು ಹಾಕಿ ಅತ್ತಿದ್ದರು. ನಲವತ್ತು ವರ್ಷ ವಾಚ್ ರಿಪೇರಿ ಮಾಡಿದ ಕೈ, ಎಳ್ಳಿಗಿಂತ ಚಿಕ್ಕ ಸ್ಕ್ರೂ ಕೂರಿಸಿದ ಕೈ. ನಾನು ಆಗ ಅಂಗಡಿಗಳಿಗೆ ಪರ್ಸ್ ಹೊಲಿದುಕೊಡುತ್ತಿದ್ದೆ. ಪರ್ಸಿನ ಬಾಯಿಗೆ ಹಾಕುವ ಪುಟ್ಟ ಅಯಸ್ಕಾಂತಗಳು ಮನೆಯಲ್ಲೇ ಇದ್ದವು. ಅವನ್ನು ಅಂಗಿಯ ಪಟ್ಟಿಯೊಳಗೆ ಇಟ್ಟು, ಕಾಜ ಮುಚ್ಚಿ, ಮೇಲೆ ಬರೀ ನೋಟಕ್ಕೆ ಗುಂಡಿ ಹಚ್ಚಿದೆ. “ಕಾಜ ಸ್ವಲ್ಪ ಸಡಿಲ ಮಾಡಿದೀನಿ ಕಣ್ರೀ,” ಎಂದೆ. ಅವರು ಹೂಂ ಎಂದರು. ಅಂದಿನಿಂದ ಬೆಳಿಗ್ಗೆ ಯಾರ ಸಹಾಯವೂ ಇಲ್ಲದೆ ಅವರು ಮಾಡಿಕೊಳ್ಳುತ್ತಿದ್ದ ಕೆಲಸ ಅದೊಂದೇ. ಎಂಟು ಅಂಗಿಗೂ ಹಾಗೇ ಹೊಲಿದೆ.

ಈಗ ನಿಜ ಹೇಳಿದರೆ ಅಲಾರಾಂ ಉಳಿಯುತ್ತಾಳೆ. ಆದರೆ ಆ ಒಂದು ಕೆಲಸವೂ ಸುಳ್ಳಾಗಿತ್ತು ಎಂದು ಅವರಿಗೆ, ಅದೂ ಹೊರಗಿನವರ ಎದುರು, ಹೇಗೆ ಹೇಳಲಿ?

“ಒಟ್ಟು ಒಂಬತ್ತು,” ಎಂದು ಆಕೆ ಪೆನ್ನಿನ ಮುಚ್ಚಳ ಹಾಕಿದಳು.

“ಅಯ್ಯೋ, ಹನ್ನೆರಡು ಬೇಕಲ್ಲಮ್ಮ!” ಎಂದು ಅಲಾರಾಂ ಎರಡು ಹೆಜ್ಜೆ ಮುಂದೆ ಬಂದಳು.

ಯಜಮಾನರು ಅವಳನ್ನು ನೋಡಿದರು. ಆಮೇಲೆ ನನ್ನ ಎಡಭುಜವನ್ನು ನೋಡಿದರು.

“ಲೇ, ಕಿಟಕಿ ಕೆಳಗಿನ ಪೆಟ್ಟಿಗೆಯಲ್ಲಿ ನನ್ನ ದಿಕ್ಸೂಚಿ ಇದೆ, ತಗೊಂಬಾ.”

ವಾಚಿಗೆ ಅಯಸ್ಕಾಂತ ಹಿಡಿದಿದೆಯೇ ಎಂದು ಅವರು ಅದರಲ್ಲೇ ಪರೀಕ್ಷಿಸುತ್ತಿದ್ದದ್ದು. ತಂದುಕೊಟ್ಟೆ. ಅವರು ಅದನ್ನು ಆ ಹುಡುಗಿಯ ಅಂಗೈಯಲ್ಲಿಟ್ಟು, “ನನ್ನ ಎದೆ ಹತ್ತಿರ ಹಿಡಿಯಮ್ಮ,” ಎಂದರು.

ಮುಳ್ಳು ಉತ್ತರ ಬಿಟ್ಟು ಗಿರ್ರನೆ ಮೊದಲ ಗುಂಡಿಯ ಕಡೆ ತಿರುಗಿತು.

“ಈ ಗುಂಡಿಗಳು ನನ್ನ ಹೆಂಡತಿ ಕೈಚಳಕ. ನನ್ನದಲ್ಲ,” ಎಂದರು. “ನಿಜವಾದ ಗುಂಡಿ ಹಾಕೋಕೆ ನನಗೆ ಬರಲ್ಲ. ಕುರ್ಚಿಯಿಂದ ಏಳೋಕೂ ಬರಲ್ಲ. ನೀರು ಹಾಕೋದಷ್ಟೇ ಅಲ್ಲ, ಮೈ ಉಜ್ಜೋದೂ ಒರೆಸೋದೂ ಅವಳೇ. ಇನ್ನೊಂದು ಸಲ ಕೇಳಮ್ಮ, ಸರಿಯಾಗಿ ಹೇಳ್ತೀನಿ.”

ನಾನು ಕೇಳಿದೆ, “ನಿಮಗೆ ಯಾವಾಗ ಗೊತ್ತಾಯ್ತು?”

“ಮೊದಲನೇ ವಾರವೇ. ಕೈಗೆ ಕಟ್ಟಿದ್ದ ವಾಚು ದಿನಕ್ಕೆ ಹತ್ತು ನಿಮಿಷ ಮುಂದೆ ಓಡೋಕೆ ಶುರು ಮಾಡ್ತು. ಯಾಕೆ ಅಂತ ನನಗೆ ಗೊತ್ತಾಗಲ್ವೇನೇ?”

ವಾಚು ಭಾರ ಎಂದು ಆಗ ಬಿಚ್ಚಿ ಕಪಾಟಿನ ಮೇಲಿಟ್ಟವರು ಮತ್ತೆ ಮುಟ್ಟಿರಲಿಲ್ಲ. ಅಂಗಿಗೂ ವಾಚಿಗೂ ಒಂದೇ ಮೈಮೇಲೆ ಆಗಿಬರುವುದಿಲ್ಲ ಎಂದು ತಿಳಿದು, ನಾನು ಹೊಲಿದ ಅಂಗಿಯನ್ನು ಉಳಿಸಿಕೊಂಡಿದ್ದರು.

“ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಅಯಸ್ಕಾಂತಾನೆಲ್ಲ ಬಿಚ್ಚಿ ಹಾಕ್ತಿದ್ದೆ ನೀನು.”

ಹುಡುಗಿ ಮುಚ್ಚಳ ತೆಗೆದು ಹೊಸ ಫಾರಂ ಬಿಡಿಸಿದಳು. ಬೀರುವಿನ ತಳದಿಂದ ನಿಜವಾದ ಗುಂಡಿಯ ಹಳೆ ಅಂಗಿ ತಂದು ತೊಡಿಸಿದೆ. ಅವರು ಒಂದು ಗುಂಡಿಯನ್ನು ನಾಲ್ಕು ಸಲ ಪ್ರಯತ್ನಿಸಿ, ಕೈ ಇಳಿಬಿಟ್ಟು, “ಬರಲ್ಲ. ಬರಕೋ,” ಎಂದರು. ಆಕೆ ತಲೆ ಎತ್ತದೆ ಬರೆದುಕೊಂಡಳು. ಮಿಕ್ಕ ಗುಂಡಿಗಳನ್ನು ನಾನು ಹಾಕಿದೆ. ಕೊರಳ ಹತ್ತಿರ ಬಂದಾಗ ಅವರು ಮಗುವಿನಂತೆ ಗದ್ದ ಎತ್ತಿಕೊಟ್ಟರು.

ಎರಡು ವಾರಕ್ಕೆ ಕಾಗದ ಬಂತು. ಹದಿನಾರು ಅಂಕ. ಅಲಾರಾಂ ಬರುವ ನಾಲ್ಕು ಗಂಟೆಯೂ ಉಳಿಯಿತು.

ಮಾರನೆಯ ಬೆಳಿಗ್ಗೆ ಅವರು ನೀಲಿ ಅಂಗಿಯನ್ನು ತಾವೇ ಟಪ್ ಟಪ್ ಎಂದು ಹಾಕಿಕೊಂಡು, ಕಪಾಟಿನ ಮೇಲಿನ ವಾಚನ್ನು ಕೈಗೆ ಕಟ್ಟು ಎಂದರು.

“ಮತ್ತೆ ಮುಂದೆ ಓಡುತ್ತಲ್ರೀ?”

“ಓಡ್ಲಿ ಬಿಡು. ಎರಡೂ ಇರ್ಲಿ.”

ಮೂರನೆಯ ದಿನ ಅಲಾರಾಂ ಒಳಗೆ ಕಾಲಿಡುತ್ತಲೇ ಅವರು ಮುಂಗೈ ಎತ್ತಿ ತೋರಿಸಿದರು.

“ಇಪ್ಪತ್ತು ನಿಮಿಷ ಲೇಟು!”

“ನನಗೆ ಲೇಟು ಅಂತೀರಾ ತಾತ? ಮೊದಲು ನಿಮ್ಮ ಅಂಗಿನ ಕೇಳಿ,” ಎಂದು ಅವಳು ಅವರ ಕಂಕುಳಿಗೆ ಕೈಕೊಟ್ಟಳು.