ಬೀಗರಿಗೆ ಕೋಟು ತೊಡಿಸಿದ್ದು

ಇದನ್ನು ಹೇಳಲು ನೀನು ಯಾರು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಹಗಲು ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಓದಿದವನು. ಕಥೆ ಹೇಳುವ ಹದ ಗೊತ್ತಿಲ್ಲ. ಅದರಲ್ಲೂ ಇದು ನನ್ನ ಸೋದರಮಾವನ ವಿಷಯ. ಅವರ ಮನೆಯಲ್ಲಿ ಉಂಡು ಬೆಳೆದವನು ಅವರ ಬಗ್ಗೆ ಬಾಯಿ ಬಿಡುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ.

ಕತ್ತಲಲ್ಲಿ ರಸ್ತೆಗೆ ಅಡ್ಡ ಬರುವವರನ್ನು ಮೈಶಾಖದಿಂದಲೇ ಗುರುತಿಸುವ ಕ್ಯಾಮೆರಾಗಳನ್ನು ಈಗ ಕಾರುಗಳಿಗೆ ಹಾಕುತ್ತಾರೆ. ಅವನ್ನು ಪರೀಕ್ಷಿಸುವ ಶೆಡ್ಡಿನಲ್ಲಿ ನಮ್ಮಿಬ್ಬರಿಗೂ ಕೆಲಸ. ಕಿಟಕಿಯೇ ಇಲ್ಲದ ಉದ್ದನೆಯ ಶೆಡ್ಡು. ಹಗಲಲ್ಲೂ ಕಗ್ಗತ್ತಲು, ಯಂತ್ರ ಊದುವ ಕೊರೆಯುವ ಚಳಿ. ಒಂದು ತುದಿಯಲ್ಲಿ ಕಾರು. ಇನ್ನೊಂದು ತುದಿಯಲ್ಲಿ ಹಳಿಯ ಮೇಲೆ ಅಡ್ಡಡ್ಡ ಓಡುವ ತಳ್ಳುಗಾಡಿ, ಅದರ ಮೇಲೆ ಆಳೆತ್ತರದ ಬೊಂಬೆ. ಬೊಂಬೆಯ ರಬ್ಬರ್ ಚರ್ಮದೊಳಗೆ ಬಿಸಿಯಾಗುವ ತಂತಿಗಳಿರುತ್ತವೆ. ಕ್ಯಾಮೆರಾ ಅದನ್ನು ಮನುಷ್ಯನೆಂದು ಒಪ್ಪಿಕೊಂಡರೆ ಕಾರಿನೊಳಗಿನ ಪರದೆಯಲ್ಲೂ ನನ್ನ ಪರದೆಯಲ್ಲೂ ಅದರ ಸುತ್ತ ಹಳದಿ ಚೌಕ ಮೂಡುತ್ತದೆ. ಬಿಸಿಯಾದದ್ದು ಪರದೆಯಲ್ಲಿ ಬೆಳ್ಳಗೆ, ತಣ್ಣಗಿದ್ದದ್ದು ಕಪ್ಪಗೆ ಕಾಣುತ್ತದೆ. ಪರದೆ ನೋಡುವುದು ನನ್ನ ಕೆಲಸ. ಬೊಂಬೆಗಳನ್ನು ಬಿಸಿ ಮಾಡಿ, ಬಟ್ಟೆ ತೊಡಿಸಿ ತರುವುದು ಮಾವನದು. ನನ್ನನ್ನು ಅಲ್ಲಿಗೆ ಸೇರಿಸಿದವರೂ ಅವರೇ.

ಬೊಂಬೆಗಳಿಗೆ ಮಾವ ಇಟ್ಟ ಹೆಸರು ಬೀಗರು. "ಬೆಚ್ಚಗಿಡಬೇಕು, ಬಟ್ಟೆ ಕೊಡಬೇಕು, ಕೈಹಿಡಿದು ಕರ್ಕೊಂಡು ಬರಬೇಕು. ಇಷ್ಟೆಲ್ಲ ಮಾಡಿದ್ರೂ ಮುಖದಲ್ಲಿ ಒಂದು ನಗು ಇಲ್ಲ ನೋಡು!"

ಬೀಗರ ಉಪಚಾರಕ್ಕೆ ಒಂದು ನಿಯಮವಿತ್ತು. ಬೊಂಬೆ ಶಾಖದ ಕೋಣೆಯಲ್ಲಿ ಬಿಸಿಯಾಗಬೇಕು. ಕೋಟು ಮಾತ್ರ ಶೆಡ್ಡಿನ ಚಳಿಯಲ್ಲೇ ಗೂಟಕ್ಕೆ ನೇತಾಡುತ್ತಿರಬೇಕು. ಬೊಂಬೆ ಹೊರಬಂದ ಮೇಲೆ ತೊಡಿಸಬೇಕು. ಚಳಿಯಲ್ಲಿ ನಡೆದು ಬಂದವನ ಕೋಟಿನ ಹೊರಮೈ ತಣ್ಣಗೇ ಇರುತ್ತದಲ್ಲ, ಹಾಗಿರಲಿ ಎಂದು.

ಆ ಮಧ್ಯಾಹ್ನ ತಳ್ಳುಗಾಡಿ ಹಳಿಯಲ್ಲಿ ಸಿಕ್ಕಿಕೊಂಡಿತು. ಮಾವ ಗೂಟದಲ್ಲಿದ್ದ ತಮ್ಮ ದಪ್ಪ ಕೋಟು ಹಾಕಿಕೊಂಡು, ಮಫ್ಲರ್ ಸುತ್ತಿ, ಕೈಗವಸು ಏರಿಸಿ ಕಾರಿನ ಮುಂದೆಯೇ ಹಾದು ಹೋದರು. ಕಾರಿನಲ್ಲಿದ್ದ ಡ್ರೈವರ್ ತಲೆ ಹೊರಹಾಕಿ ಕೂಗಿದ.

"ಮಾಸ್ಟ್ರೇ, ಚೌಕನೇ ಬರಲಿಲ್ಲ! ನೀವು ಮನುಷ್ಯರೇ ಅಲ್ವಂತೆ!"

"ನಮ್ಮನೆಯವಳು ಮದುವೆಯಾದಾಗಿಂದ ಅದನ್ನೇ ಹೇಳ್ತಿದಾಳೆ," ಎಂದರು ಮಾವ, ಗಾಲಿಯನ್ನು ಒದೆಯುತ್ತಾ. "ಅದಕ್ಕೆ ಇಷ್ಟು ದೊಡ್ಡ ಕ್ಯಾಮೆರಾ ಬೇಕಿತ್ತೇನಯ್ಯಾ?"

ನಾನೂ ನಕ್ಕೆ. ಗಾಡಿ ಸರಿಯಾಗಿ ಬೊಂಬೆ ಬಂತು, ಹಳದಿ ಚೌಕ ತಟ್ಟನೆ ಮೂಡಿತು. ಆಗ ನೋಡಿದೆ: ಪರದೆಯಲ್ಲಿ ಬೊಂಬೆಯ ಮುಖ ಎಷ್ಟು ಬೆಳ್ಳಗಿತ್ತೋ ಕೋಟೂ ಅಷ್ಟೇ ಬೆಳ್ಳಗಿತ್ತು. ಮಾವ ಹಾದು ಹೋಗುವಾಗ ಕಂಡದ್ದು ಕಣ್ಣು ಮೂಗಿನ ಮಸುಕು ಪಟ್ಟಿ ಮಾತ್ರ.

ಅವರು ಟೀ ಕುಡಿಯಲು ಹೋದಾಗ ನಾನು ಶಾಖದ ಕೋಣೆಗೆ ಹೋದೆ. ಬೀಗರೆಲ್ಲ ಒಳಗೇ ಕೋಟು ತೊಟ್ಟು, ಕತ್ತಿನವರೆಗೆ ಜಿಪ್ ಎಳೆಸಿಕೊಂಡು ನಿಂತಿದ್ದರು. ಕೋಟು ಮುಟ್ಟಿದೆ, ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಬೆಚ್ಚಗಿತ್ತು. ಯಾಕೆಂದು ಯಾರೂ ಹೇಳಬೇಕಿರಲಿಲ್ಲ. ಚಳಿಗೆ ಮಾವನ ಬೆರಳ ಗಂಟುಗಳು ಊದಿಕೊಳ್ಳುತ್ತವೆ. ಬೆಳಗ್ಗೆ ಅವರ ಅಂಗಿಯ ಗುಂಡಿ ಹಾಕುವುದು ಅತ್ತೆಯೇ. ಆ ಬೆಚ್ಚನೆಯ ಕೋಣೆಯಲ್ಲಾದರೆ ಬೆರಳು ಮಾತು ಕೇಳುತ್ತಿದ್ದವು.

"ಏನಾಯ್ತು? ಯಾಕೆ ಹಾಗೆ ನಿಂತಿದೀರ?"

ಬಾಗಿಲಲ್ಲಿ ಇಂಜಿನಿಯರ್ ಮೇಡಂ. ಏನಿಲ್ಲ ಮೇಡಂ, ಮಾವ ಬರಲಿ ಎನ್ನಬಹುದಿತ್ತು.

"ಕೋಟು ಇಲ್ಲೇ ಒಳಗೇ ಹಾಕ್ತಾ ಇದ್ರು ಮೇಡಂ," ಎಂದುಬಿಟ್ಟೆ.

ರಸ್ತೆಯಲ್ಲಿ ನಡೆಯುವ ಜನರ ನೆನಪಾಗಿತ್ತು, ನಿಜ. ಮುಂದೆ ಗೊತ್ತಾದರೆ ಮಾವ ಅಳಿಯ ಸೇರಿ ಮುಚ್ಚಿಟ್ಟರು ಎಂದಾರು ಎಂಬ ಹೆದರಿಕೆಯೂ ಇತ್ತು. ಯಾವುದು ನನ್ನ ಬಾಯಿ ತೆರೆಸಿತೋ ಹೇಳಲಾರೆ.

ತಣ್ಣನೆಯ ಕೋಟು ತೊಡಿಸಿ ಮತ್ತೆ ಪರೀಕ್ಷೆ ನಡೆಸಿದರು. ಚೌಕ ತಡವಾಗಿ ಬಂತು, ಕೆಲವು ಸಲ ಬರಲೇ ಇಲ್ಲ. ಹಳೆಯ ಫಲಿತಾಂಶಗಳನ್ನೆಲ್ಲ ತಳ್ಳಿಹಾಕಿದರು. ಪುಣ್ಯಕ್ಕೆ ಆ ಕ್ಯಾಮೆರಾ ಇನ್ನೂ ಮಾರಾಟಕ್ಕೆ ಹೋಗಿರಲಿಲ್ಲ. ಮೇಡಂ ಎಲ್ಲರೆದುರು ನನ್ನನ್ನು ಹೊಗಳಿದರು. ಮಾವನಿಗೆ ಇನ್ನು ಬರುವುದು ಬೇಡ ಎಂದರು.

ಅಂದು ಸಂಜೆ ಅವರು ಮನೆಯ ಮೆಟ್ಟಿಲ ಮೇಲೆ ಕೂತು ಶೂ ಲೇಸು ಬಿಚ್ಚಲು ಹೆಣಗುತ್ತಿದ್ದರು. ನಾನು ಬಗ್ಗಿದೆ. ಕಾಲು ಹಿಂದಕ್ಕೆಳೆದುಕೊಂಡರು.

"ನೀನು ಹೇಳಿದ್ದು ಸರಿ ಕಣೋ. ತಪ್ಪು ನಂದೇ. ಒಂದು ಕೋಟಿಂದ ಇಷ್ಟೆಲ್ಲ ಆಗುತ್ತೆ ಅಂತ ತಲೆಗೇ ಹೊಳೀಲಿಲ್ಲ."

"ಮಾವ, ನಾನು..."

"ಆದ್ರೆ ನಾನು ಟೀ ಕುಡಿಯೋಕೆ ಹೋಗಿದ್ದೆನಪ್ಪಾ. ಊರು ಬಿಟ್ಟು ಹೋಗಿರಲಿಲ್ಲ."

ಒಳಗಿಂದ ಅತ್ತೆ, "ಚಳೀಲಿ ಕೂತು ಏನ್ ಮಾತು ನಿಮ್ದು? ಬನ್ನಿ ಒಳಗೆ ಇಬ್ರೂ," ಎಂದರು. ಮಾವ ಶೂ ಸಮೇತ ಎದ್ದು ಹೋದರು.

ಈಗ ಅವರ ಕೆಲಸವೂ ನನ್ನದೇ. ಅಂದು ಅವರು ಬರುವವರೆಗೆ ಕಾದಿದ್ದರೆ, ಅವರೇ ಹೋಗಿ ಮೇಡಂಗೆ ಹೇಳುತ್ತಿದ್ದರೇ? ತಾವಾಗಿ ಒಪ್ಪಿಕೊಂಡರೆಂದು ಮೇಡಂ ಅವರನ್ನು ಉಳಿಸಿಕೊಳ್ಳುತ್ತಿದ್ದರೇ? ಅಥವಾ, ಸುಮ್ಮನಿರೋ ಎಂದು ಮಾವ ಬೇಡಿಕೊಂಡಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆನೇ? ನನಗೆ ಗೊತ್ತಿಲ್ಲ. ಮಾವನಿಗಾದರೂ ಗೊತ್ತಿದೆಯೇ ಎಂದು ಕೇಳಿಲ್ಲ.