ಗುರುವಾರದ ನೂರೆಂಟು

ಮನೀಷಾ ಬಸವಕಲ್ಯಾಣದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಳು. ಹೈದರಾಬಾದಿನ ಒಂದು ಸರ್ವರಿನಲ್ಲಿ ಜಾಗ ಬಾಡಿಗೆ ಹಿಡಿದು, ಸುತ್ತಲಿನವರ ಆರು ವೆಬ್‌ಸೈಟುಗಳನ್ನು ಅದರಲ್ಲೇ ಕೂಡಿಸಿದ್ದಳು. ಒಂದು ವಾಡೆಯಲ್ಲಿ ಆರು ಸಂಸಾರ, ನಳ ಒಂದೇ ಇದ್ದಂತೆ. ಒಬ್ಬರು ಕೊಡದ ಮೇಲೆ ಕೊಡ ತುಂಬುತ್ತ ನಿಂತರೆ ಉಳಿದವರಿಗೆ ಹನಿ ಇಲ್ಲ.

ಹುಮನಾಬಾದಿನ ಖಾಜಾ ಲಾರಿಯ ಬಿಡಿಭಾಗ ಮಾರುವವ, ಅವಳ ಮೊದಲ ಗಿರಾಕಿ. ಒಂದು ಗುರುವಾರ ಫೋನ್ ಮಾಡಿದ.

"ತಂಗಿ, ಗುರುವಾರ ಬಂತಂದ್ರ ನನ್ನ ಸೈಟ್ ತೆರಿಯಂಗಿಲ್ಲ. ಇನ್ನೊಂದು ಗುರುವಾರ ಹಿಂಗಾದ್ರ ಬ್ಯಾರೆ ಕಡಿ ಹೋಗ್ತೀನಿ."

"ಯಾಕಂತ ಹುಡುಕಾಕತ್ತೀನ್ರಿ, ಖಾಜಾ ಭಾಯ್."

"ನೀ ಹುಡುಕೂದ್ರಾಗ ಲಾರಿಗೋಳು ತುಕ್ಕು ಹಿಡೀತಾವ."

ಅವನು ಹೋದರೆ ಉಳಿದವರೂ ಅವನ ಹಿಂದೆಯೇ. ಮನೀಷಾ ಸರ್ವರಿನ ದಾಖಲೆ ತೆರೆದಳು. ಯಾವ ಪುಟ, ಎಲ್ಲಿಂದ, ಎಷ್ಟು ಹೊತ್ತಿಗೆ, ಎಲ್ಲ ಸಾಲುಸಾಲಾಗಿ ಇತ್ತು. ಗುರುವಾರ ಮುಂಜಾನೆ ಏಳರಿಂದ ಎಂಟರೊಳಗೆ ಆ ಆರರಲ್ಲೊಂದಾದ ಭಜನಾ ಮಂಡಳಿಯ ಸೈಟಿನ ಒಂದೇ ಪುಟ ಐದುನೂರ ನಲವತ್ತು ಸಲ ತೆರೆದಿತ್ತು, ಅದೂ ಮಾಣಿಕನಗರದಲ್ಲಿ ಅವಳೇ ಜೋಡಿಸಿಕೊಟ್ಟ ಸೈಬರ್ ಕೆಫೆಯಿಂದ. ಭಾಗಿಸಿ ನೋಡಿದಳು. ನೂರೆಂಟರಂತೆ ಐದು.

ಮರು ಗುರುವಾರ ಮೊದಲ ಬಸ್ಸಿಗೇ ಹೊರಟಳು.

ಕೆಫೆಯ ಐದು ಕಂಪ್ಯೂಟರಿನ ಮುಂದೆ ಮಂಡಳಿಯ ಐವರು ಹೆಂಗಸರು ತಲೆ ಮೇಲೆ ಸೆರಗು ಹೊದ್ದು ಕೂತಿದ್ದರು. ಗುಂಡಿ ಒತ್ತುವರು, ಭಜನೆಯ ಮೊದಲ ನುಡಿ ಕೇಳುವರು, ಮತ್ತೆ ಒತ್ತುವರು.

"ಕಾಕು, ಏನ್ ನಡಿಸೀರಿ?"

ಮಂಡಳಿಯ ಹಿರಿಯಳು ಯಶೋದಾಬಾಯಿ ಬೆರಳೆತ್ತಿ ತಡೆದಳು. ನುಡಿ ಮುಗಿಯುವ ತನಕ ಮನೀಷಾ ಕಾದಳು. ಭಜನೆಯ ನಡುವೆ ಮಾತು ತೂರಿಸುವುದು ಅವಳ ಮನೆಯಲ್ಲೂ ತಪ್ಪೇ.

"ಜಪ ನಡದದ. ಮಣಿ ಎಣಿಸೂದ್ರಾಗ ನಿದ್ದಿ ಬರ್ತದ. ಈ ಡಬ್ಬಿ ತಾನೇ ಎಣಿಸ್ತದ," ಎಂದು ಪುಟದ ಕೆಳಗೆ ಭೇಟಿ ಕೊಟ್ಟವರ ಸಂಖ್ಯೆ ತೋರಿಸಿದಳು.

"ನೀವು ಒತ್ತಿದಾಗೊಮ್ಮೆ ಒಂದ್ ತಾಸಿನ ಭಜನಿ ಪೂರಾ ಹೈದರಾಬಾದಿಂದ ಹೊಂಡ್ತದ್ರಿ. ಖಾಜಾ ಭಾಯ್ ಅಂಗಡಿ ಬಂದ್ ಬೀಳ್ತದ."

"ಜಪ ಬಿಡು ಅಂತೀ ಏನ್?"

"ಛೇ, ಇಲ್ರಿ. ಹಾಡು ಇಲ್ಲೇ ಇಳಿಸಿ ಇಡ್ತೀನಿ. ಎಣಿಕೀನೂ ಇಲ್ಲೇ ಆಗ್ತದ."

"ಇಲ್ಲೇ ಆದ್ರ ನಮ್ಮದ ಹೆಚ್ಚಂತ ಬಸವಕಲ್ಯಾಣದ ಆ ಇನ್ನೊಂದು ಮಂಡಳಿಯವರಿಗೆ ಹ್ಯಾಂಗ ಕಾಣಬೇಕು?" ಪಕ್ಕದ ಕುರ್ಚಿಯಿಂದ ಜಿಜಾಬಾಯಿ ಕೇಳಿದಳು.

ಯಶೋದಾಬಾಯಿ ಅವಳನ್ನು ಗುರುಗುಟ್ಟಿ ನೋಡಿದಳು. ಅಲ್ಲ ಅನ್ನಲಿಲ್ಲ.

"ಜಪ ಮುಗದ ಮ್ಯಾಲ ಒಮ್ಮೆ ಪೂರಾ ಎಣಿಕಿ ಸೈಟಿಗೆ ಕಳಸೂಣ್ರಿ," ಎಂದಳು ಮನೀಷಾ.

"ಒಂದೂ ಕಡಿಮಿ ಆಗಬಾರ್ದು," ಎಂದಳು ಯಶೋದಾಬಾಯಿ.

ಮನೀಷಾ ಹಾಡು ಇಳಿಸಿ ಮುಗಿಸುವ ತನಕ ಐವರೂ ಸ್ವಂತ ಬಾಯಿಂದಲೇ ಹಾಡಿದರು. ಅದರಿಂದ ಸರ್ವರಿಗೆ ಏನೂ ಭಾರವಾಗಲಿಲ್ಲ.

ಎಂಟಕ್ಕೆ ಖಾಜಾನ ಫೋನ್ ಬಂತು.

"ಖಾಲಿ ಲಾರಿ ಓಡಿದಂಗ ಓಡಾಕತ್ತದ, ತಂಗಿ. ನಾ ಎಲ್ಲೂ ಹೋಗಂಗಿಲ್ಲ." ಆಮೇಲೆ ದನಿ ತಗ್ಗಿಸಿದ. "ನೀ ಹೇಳಿದ್ದ ಆ ಭಜನಾ ಮಂಡಳಿ ಸೈಟ್ ನೋಡ್ದೆ. ಎಂಟು ಸಾವಿರ ಮಂದಿ ಬಂದಾರ. ನನ್ನ ಕಡಿ ಮುನ್ನೂರು. ಆ ಮಂದೀನ ಒಂದ್ ಗುರುವಾರ ಇತ್ತ ಕಳಸಾಕ ಬರ್ತದೇನು?"

"ಬರ್ತದ್ರಿ. ಆದ್ರ ನಿಮ್ಮ ನಟ್ಟು ಬೋಲ್ಟಿಗೆ ರಾಗ ಹಚ್ಚಬೇಕಾಗ್ತದ."



"ಯಾವ ರಾಗ ಅಂತ ಆ ಮಂಡಳಿಯವ್ರನ್ನ ಕೇಳಿ ಹೇಳು."